ಎತ್ತುವ ಮೊದಲು ತೂಕ ತಿಳಿಯಲಿ



ಮನೆ ಕಟ್ಟುವ ಜಾಗದಲ್ಲಿ ಕಬ್ಬಿಣದ ಸಳಿಗಳು ಬಿದ್ದಿರುವುದನ್ನು ನೀವೆಲ್ಲ ನೋಡಿದ್ದೀರಿ. ಅಂಗಡಿಯಿಂದ ಬರುವ ಸಳಿ ಸಾಮಾನ್ಯವಾಗಿ 12 ಮೀಟರ್ ಉದ್ದ. ಅಂದರೆ ಹೆಚ್ಚುಕಡಿಮೆ 40 ಅಡಿ. ಅದರಲ್ಲಿ ಹೆಬ್ಬೆರಳಿಗಿಂತ ತುಸು ದಪ್ಪನೆಯ, 25 ಮಿಲಿಮೀಟರಿನ ಸಳಿ ಒಂದನ್ನು ಮನಸ್ಸಿಗೆ ತಂದುಕೊಳ್ಳಿ. ಒಂದೇ ಸಳಿ. ಅದರ ತೂಕ ಎಷ್ಟಿದ್ದೀತು?

ಕೆಲವರು 10 ಕಿಲೊ ಅನ್ನುತ್ತೀರಿ. ಕೆಲವರು 20 ಅನ್ನುತ್ತೀರಿ. ಅದರ ತೂಕ ಸುಮಾರು 46 ಕಿಲೊ. ಒಂದು ಸಿಮೆಂಟ್ ಚೀಲಕ್ಕೆ ನಾಲ್ಕೇ ಕಿಲೊ ಕಡಿಮೆ. ಸಿಮೆಂಟ್ ಚೀಲದ ಮೇಲೆ 50 ಕಿಲೊ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಸಳಿಯ ಮೈಮೇಲೆ ಕಂಪನಿಯ ಹೆಸರು ಇರುತ್ತದೆ, ದಪ್ಪದ ಅಂಕಿ ಇರುತ್ತದೆ. ತೂಕ ಇರುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಕಬ್ಬಿಣ, ಉಕ್ಕು, ಎರಕದ ಸಾಮಾನು ಎತ್ತುವ ಜನ ಅದರ ತೂಕ ತಿಳಿಯದೆ ಕೈ ಹಾಕುತ್ತಾರೆ. ಸೊಂಟ ಹಿಡಿಯುವುದು, ಬೆರಳು ಜಜ್ಜಿಹೋಗುವುದು, ಪಾದದ ಮೇಲೆ ಬೀಳುವುದು, ಇವೆಲ್ಲ ಬಹುಪಾಲು ಅಲ್ಲಿಂದಲೇ ಶುರುವಾಗುತ್ತವೆ. ನಾನು ಐಟಿಐಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದವನು. ನನ್ನ ಕೈಯಲ್ಲಿ ಕಲಿತು ಹೋದ ಹುಡುಗರ ಕೈಗಳನ್ನು ಆಮೇಲೆ ನೋಡಿದ್ದೇನೆ. ಅದಕ್ಕೇ ಈ ಮಾತು ಆಡುತ್ತಿದ್ದೇನೆ.

ನಮ್ಮ ಊರು ಸೊಲ್ಲಾಪುರವನ್ನೇ ತೆಗೆದುಕೊಳ್ಳಿ. ಸೊಲ್ಲಾಪುರ ಅಂದಕೂಡಲೇ ನಮಗೆ ನೆನಪಾಗುವುದು ಚಾದರ, ಟವೆಲ್ಲು. 1870ರ ದಶಕದಲ್ಲಿ ಇಲ್ಲಿ ಮೊದಲ ಗಿರಣಿ ಶುರುವಾಯಿತು. ಜನ ಅದನ್ನು ಜೂನಿ ಗಿರಣಿ, ಅಂದರೆ ಹಳೆಯ ಗಿರಣಿ ಎಂದೇ ಕರೆದರು. ದೊಡ್ಡ ಗಿರಣಿಗಳ ಕಾಲ ಮುಗಿಯಿತು. ಪವರ್‌ಲೂಮಿನ ಸದ್ದು ಇನ್ನೂ ಇದೆ. ಬಟ್ಟೆಯ ಊರಿನಲ್ಲಿ ಕಬ್ಬಿಣದ ಭಾರ ಎಲ್ಲಿಂದ ಬಂತು ಎಂದು ಕೇಳಬೇಡಿ. ಮಗ್ಗದ ಹಿಂದೆ ಹೋಗಿ ನಿಂತರೆ ಸಾಕು.

ಅಲ್ಲಿ ಬೀಮು ಇರುತ್ತದೆ. ಹಾಸಿನ ನೂಲು ಸುತ್ತಿದ ಉದ್ದನೆಯ ಲೋಹದ ಉರುಳೆ ಅದು. ಎರಡೂ ತುದಿಗೆ ಅಗಲವಾದ ದುಂಡು ತಟ್ಟೆ. ನೂಲು ಮುಗಿದಾಗ ಖಾಲಿ ಬೀಮು ಇಳಿಸಬೇಕು, ತುಂಬಿದ್ದನ್ನು ಏರಿಸಬೇಕು. ತುಂಬಿದ ಬೀಮು 100 ಕಿಲೊ ದಾಟುವುದು ಅಪರೂಪವಲ್ಲ. ಟವೆಲ್ಲಿನ ಮಗ್ಗಕ್ಕಂತೂ ಬೀಮು ಎರಡು. ನೆಲದ ಬಟ್ಟೆಗೆ ಒಂದು, ಮೇಲೆ ಎದ್ದು ನಿಲ್ಲುವ ಕುಣಿಕೆಗಳಿಗೆ ಇನ್ನೊಂದು. ಮಗ್ಗ ಮಗ್ಗದ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ಹೋಗುವಷ್ಟೇ ಜಾಗ. ಅಷ್ಟರಲ್ಲೇ ಇಬ್ಬರು ಮೂವರು ಸೇರಿ ಬೀಮನ್ನು ಹೆಗಲಿಗೆ ಕೊಡುತ್ತಾರೆ. ನೆಲದಲ್ಲಿ ಎಣ್ಣೆ ಇರುತ್ತದೆ, ನೂಲಿನ ಧೂಳು ಇರುತ್ತದೆ. ಮಗ್ಗದ ಸದ್ದಿನಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸುವುದಿಲ್ಲ.

ಇನ್ನು ಊರಿನ ಹೊರಗೆ ಬನ್ನಿ. ಅಕ್ಕಲಕೋಟೆ ರಸ್ತೆಯಲ್ಲಿ ಎಂಐಡಿಸಿ, ಅಂದರೆ ಸರ್ಕಾರದ ಕೈಗಾರಿಕಾ ವಸಾಹತು, ಇದೆ. ಪುಣೆ ಕಡೆ ಹೋಗುವಾಗ ಚಿಂಚೋಳಿ ಎಂಐಡಿಸಿ ಇದೆ. ಕಾರಿನ ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟು ಸೊಲ್ಲಾಪುರದಲ್ಲಿ ಎರಕವಾಗಿ ಹೊರದೇಶಗಳಿಗೂ ಹೋಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಕ್ರೇನು ಇರುತ್ತದೆ, ಸೇಫ್ಟಿ ಆಫೀಸರ್ ಇರುತ್ತಾರೆ. ಅವುಗಳ ಅಕ್ಕಪಕ್ಕ ಐದಾರು ಜನರ ಶೆಡ್ಡುಗಳೂ ಇರುತ್ತವೆ. ಅಲ್ಲಿ ಎರಡು ಕೈಗಳೇ ಕ್ರೇನು. ಕಬ್ಬಿಣದ ಅಂಗಡಿ, ಗುಜರಿ ಗೋಡೌನು, ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿದ ಮೇಲಿನ ದುರಸ್ತಿ ಕೆಲಸ, ಇವನ್ನೂ ಸೇರಿಸಿಕೊಳ್ಳಿ. ಅಕ್ಕಲಕೋಟೆ ತಾಲೂಕಿನ ಮೈಂದರ್ಗಿ, ದುಧನಿ, ನಾಗಣಸೂರು, ಜೇವೂರು ಕಡೆಯ ನಮ್ಮ ಕನ್ನಡದ ಮನೆಗಳಿಂದ ಮಳೆ ಕೈಕೊಟ್ಟ ವರ್ಷ ಈ ಕೆಲಸಗಳಿಗೆ ಹೋಗುವ ಹುಡುಗರು ಇದ್ದೇ ಇದ್ದಾರೆ. ಹೊಲದಲ್ಲಿ ಜೋಳದ ಚೀಲ ಎತ್ತಿ ಅಭ್ಯಾಸ ಇರುತ್ತದೆ. ಮೈಯಲ್ಲಿ ಬಲ ಇರುತ್ತದೆ. ಆ ಬಲದ ಮೇಲೆ ನಂಬಿಕೆಯೂ ಇರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಬಟ್ಟೆಯ ಊರಿನಲ್ಲೂ ಕಬ್ಬಿಣ ಎತ್ತುವ ಕೈಗಳು ಬಹಳ. ಎತ್ತುವ ವಸ್ತುವಿನ ಮೇಲೆ ತೂಕ ಬರೆದಿರುವುದಿಲ್ಲ. ಈಗ, ಬೇರೆ ಭಾರಕ್ಕೂ ಕಬ್ಬಿಣದ ಭಾರಕ್ಕೂ ಏನು ವ್ಯತ್ಯಾಸ ಎಂದು ನೋಡೋಣ.

ಕಬ್ಬಿಣ ಕಣ್ಣಿಗೆ ಮೋಸ ಮಾಡುತ್ತದೆ. 15 ಲೀಟರ್ ಹಿಡಿಯುವ ಒಂದು ಕೊಡ ನೀರನ್ನು ನಮ್ಮ ಹೆಣ್ಣುಮಕ್ಕಳು ಸೊಂಟದ ಮೇಲೆ ಇಟ್ಟುಕೊಂಡು ಬರುತ್ತಾರೆ. ಆ ಕೊಡದೊಳಗಿನ ನೀರಿನಷ್ಟೇ ಗಾತ್ರದ ಕಬ್ಬಿಣ 100 ಕಿಲೊ ದಾಟುತ್ತದೆ. ಜೋಳದ ಚೀಲ ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಮೈ ಮೊದಲೇ ಸಿದ್ಧವಾಗುತ್ತದೆ. ಎರಕದ ತುಂಡು ಚಿಕ್ಕದಾಗಿ ಕಾಣುತ್ತದೆ. ಕೈ ಹಗುರವಾಗಿ ಹೋಗುತ್ತದೆ. ಎತ್ತಿದ ಮೇಲೆ ಭಾರ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಬೆನ್ನು ಬಾಗಿರುತ್ತದೆ, ಬಿಡಲೂ ಆಗುವುದಿಲ್ಲ.

ಹಾಗಾದರೆ ತಕ್ಕಡಿ ಇಲ್ಲದೆ ತೂಕ ತಿಳಿಯುವುದು ಹೇಗೆ? ಒಂದು ಸುಲಭ ಲೆಕ್ಕ ಇದೆ. ಪೆನ್ನು ಇದ್ದರೆ ಕೈಗೆ ತೆಗೆದುಕೊಳ್ಳಿ. ಸಳಿಯ ದಪ್ಪ ಎಷ್ಟು ಮಿಲಿಮೀಟರ್ ಎಂದು ನೋಡಿ. ಆ ಅಂಕಿಯನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು 162ರಿಂದ ಭಾಗಿಸಿ. ಒಂದು ಮೀಟರ್ ಸಳಿಯ ತೂಕ ಕಿಲೊ ಲೆಕ್ಕದಲ್ಲಿ ಸಿಗುತ್ತದೆ. ಮತ್ತೊಮ್ಮೆ ಹೇಳುತ್ತೇನೆ. ದಪ್ಪ ಗುಣಿಸು ದಪ್ಪ, ಭಾಗಿಸು 162. ಈ ಲೆಕ್ಕದಲ್ಲಿ 12 ಮಿಲಿಮೀಟರಿನ ಪೂರ್ತಿ ಸಳಿ ಸುಮಾರು 11 ಕಿಲೊ ಆಗುತ್ತದೆ. 16ರದ್ದು 19 ಕಿಲೊ. 20ರದ್ದು 30 ಕಿಲೊ. 25ರದ್ದು 46 ಕಿಲೊ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟಾಗುತ್ತದೆ, ಇದನ್ನು ನೆನಪಿಡಿ. 12ರ ಸಳಿ ನಾಲ್ಕು ಎತ್ತುವವನು 25ರದ್ದು ಎರಡಾದರೂ ಎತ್ತುತ್ತೇನೆ ಅಂದುಕೊಳ್ಳುತ್ತಾನೆ. ಎರಡು ಅಂದರೆ 92 ಕಿಲೊ.

ತಗಡಿಗೆ ಇನ್ನೂ ಸುಲಭ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪ ಇದ್ದರೆ ಸುಮಾರು 8 ಕಿಲೊ. ಐದು ಮಿಲಿಮೀಟರ್ ದಪ್ಪವಾದರೆ 40 ಕಿಲೊ. ಎಂಟು ಅಡಿ ನಾಲ್ಕು ಅಡಿಯ ಪೂರ್ತಿ ಪ್ಲೇಟು ಅದೇ ದಪ್ಪದ್ದಾದರೆ ನೂರಿಪ್ಪತ್ತರ ಹತ್ತಿರ. ಇಬ್ಬರು ಎತ್ತುವ ವಸ್ತುವಲ್ಲ ಅದು.

ತೂಕ ತಿಳಿದರೆ ಕೆಲಸ ಹೇಗೆ ಬದಲಾಗುತ್ತದೆ ಎನ್ನುವುದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇದೆ. ಸೊಲ್ಲಾಪುರದಿಂದ ಹೋಟಗಿ, ಅಕ್ಕಲಕೋಟೆ ರೋಡ್, ದುಧನಿ ಮೇಲೆ ವಾಡಿಗೆ ಹೋಗುವ ರೈಲು ಹಳಿ. ಆ ಹಳಿ ನೋಡಿಕೊಳ್ಳುವ ಗ್ಯಾಂಗಿನವರನ್ನು ಮಾತಾಡಿಸಿ. ಅವರು ಹಳಿಯನ್ನು ಕರೆಯುವುದೇ ತೂಕದಿಂದ. 52 ಕಿಲೊ ರೈಲು, 60 ಕಿಲೊ ರೈಲು. ಅಂದರೆ ಒಂದು ಮೀಟರಿಗೆ ಅಷ್ಟು. ಹಳಿಯ ಪಕ್ಕದ ಮೈಯಲ್ಲಿ ಆ ಗುರುತನ್ನು ಕಾರ್ಖಾನೆಯಲ್ಲೇ ಒತ್ತಿರುತ್ತಾರೆ. 13 ಮೀಟರಿನ 60 ಕಿಲೊ ಹಳಿ ಒಂದಕ್ಕೆ ಲೆಕ್ಕ ಹಾಕಿದರೆ 780 ಕಿಲೊ ಆಯಿತು. ಒಬ್ಬೊಬ್ಬರಿಗೆ 40 ಕಿಲೊ ಬರಬೇಕಾದರೆ 20 ಜನ ಬೇಕು. ಹತ್ತೇ ಜನ ಇದ್ದರೆ ಎತ್ತಬಾರದು ಎಂದು ಗ್ಯಾಂಗಿನ ಮುಖ್ಯಸ್ಥ ಮೇಟ್ ನಿಂತಲ್ಲೇ ಹೇಳಬಲ್ಲ. ವಾದ ಮಾಡಬೇಕಾಗಿಲ್ಲ, ಅಂಕಿ ಹಳಿಯ ಮೇಲೆಯೇ ಇದೆ.

ಆ ಗ್ಯಾಂಗಿನಲ್ಲಿ ಇನ್ನೊಂದು ಸಂಗತಿ ಇದೆ. ಹಳಿಯನ್ನು ಕೈಯಿಂದ ಹಿಡಿಯುವುದಿಲ್ಲ. ಉದ್ದ ಹಿಡಿಯ ಇಕ್ಕಳಗಳಿಂದ ಕಚ್ಚಿ ಹಿಡಿಯುತ್ತಾರೆ. ಒಬ್ಬ ಕೂಗು ಹಾಕುತ್ತಾನೆ, ಉಳಿದವರು ಓಗೊಡುತ್ತಾರೆ. ಎತ್ತುವುದಕ್ಕೆ ಒಂದು ಕೂಗು, ನಡೆಯುವುದಕ್ಕೆ ಒಂದು, ಇಳಿಸುವುದಕ್ಕೆ ಒಂದು. ದೂರದಿಂದ ಕೇಳುವವರಿಗೆ ಹಾಡಿನಂತೆ ಇರುತ್ತದೆ. ಅದು ಇಪ್ಪತ್ತು ಜೋಡಿ ಪಾದಗಳನ್ನು ಉಳಿಸುವ ಕೆಲಸ. ಒಬ್ಬ ಅರ್ಧ ಕ್ಷಣ ಮೊದಲು ಬಿಟ್ಟರೆ ಪಕ್ಕದವನ ಪಾಲಿಗೆ ಅವನ ಭಾರವೂ ಬಂದು ಬೀಳುತ್ತದೆ. ಈಗ ಯಂತ್ರಗಳು ಬಂದಿವೆ. ಒಳ್ಳೆಯದಾಯಿತು. ಕೈಯಿಂದ ಮಾಡುವ ಕೆಲಸ ಇನ್ನೂ ಉಳಿದಿರುವ ಕಡೆ ಆ ಕೂಗು ಇರಲೇಬೇಕು.

ಇದುವರೆಗೆ ಎರಡು ಮಾತು ಆಯಿತು. ಕಬ್ಬಿಣ ಕಂಡದ್ದಕ್ಕಿಂತ ಬಹಳ ಭಾರ. ತೂಕವನ್ನು ಲೆಕ್ಕದಿಂದ ಮೊದಲೇ ತಿಳಿಯಬಹುದು. ಈಗ ಮೈಗೆ ಏನಾಗುತ್ತದೆ ಎಂಬುದಕ್ಕೆ ಬರುತ್ತೇನೆ.

ಮೊದಲು ಸೊಂಟ. ಬೆನ್ನುಮೂಳೆಯ ಹಿಂದಿರುವ ಸ್ನಾಯುಗಳು ಮೂಳೆಯ ಕೀಲಿನಿಂದ ಸುಮಾರು ಎರಡು ಅಂಗುಲ ದೂರದಲ್ಲಿ ಎಳೆಯುತ್ತವೆ. ನೀವು 20 ಕಿಲೊ ಭಾರವನ್ನು ಆ ಕೀಲಿನಿಂದ ಇಪ್ಪತ್ತು ಅಂಗುಲ ಮುಂದೆ ಹಿಡಿದಿರಿ ಅಂದುಕೊಳ್ಳಿ. ದೂರ ಹತ್ತು ಪಟ್ಟು. ಹಾಗಾಗಿ ಆ ಸ್ನಾಯುಗಳು 200 ಕಿಲೊ ಎತ್ತುವಷ್ಟು ಬಲ ಹಾಕಬೇಕು. ಅಷ್ಟೂ ಒತ್ತಡ ಸೊಂಟದ ಕೊನೆಯ ಎರಡು ಗಾದಿಗಳ ಮೇಲೆ ಬೀಳುತ್ತದೆ. ಡಾಕ್ಟರು ಡಿಸ್ಕ್ ಅನ್ನುತ್ತಾರಲ್ಲ, ಅವೇ ಆ ಗಾದಿಗಳು. ಅದೇ 20 ಕಿಲೊ ಹೊಟ್ಟೆಗೆ ತಾಗಿಸಿ ಹಿಡಿದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಎತ್ತಿ ಹಿಡಿದುಕೊಂಡೇ ಸೊಂಟ ತಿರುಗಿಸಿದರೆ ಗಾದಿಯ ಅಂಚು ಹರಿಯುವ ಸಂಭವ ಹೆಚ್ಚು. ಕಾಲು ಎತ್ತಿಟ್ಟು ಇಡೀ ಮೈಯನ್ನೇ ತಿರುಗಿಸಬೇಕು.

ಮೊಣಕಾಲು ಬಗ್ಗಿಸಿ ಎತ್ತಿ ಎಂಬ ಚಿತ್ರ ಎಷ್ಟೋ ಕಾರ್ಖಾನೆಗಳ ಗೋಡೆಯ ಮೇಲೆ ಇರುತ್ತದೆ. ಆ ಚಿತ್ರದಲ್ಲಿ ತಪ್ಪಿಲ್ಲ. ಅದರಿಂದಲೇ ಕೆಲಸ ಆಯಿತು ಎಂದು ಮಾಲೀಕರು ತಿಳಿದರೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಎತ್ತುವ ರೀತಿ ಕಲಿಸುವ ತರಬೇತಿಯ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಸಂಶೋಧಕರು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆ ತರಬೇತಿಯಿಂದ ಬೆನ್ನುನೋವು ತಪ್ಪಿತು ಎನ್ನುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. 80 ಕಿಲೊ ಭಾರವನ್ನು ಎಷ್ಟು ಚೆನ್ನಾಗಿ ಎತ್ತಿದರೂ ಅದು 80 ಕಿಲೊನೇ. ಕಡಿಮೆಯಾಗಬೇಕಾದದ್ದು ಭಾರ.

ಎಷ್ಟು ಭಾರ ಸರಿ ಎಂದು ನೀವು ಕೇಳಬಹುದು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದಾಗ, ಮೈಗೆ ಹತ್ತಿರ, ಸೊಂಟದ ಎತ್ತರದಲ್ಲಿ ಇದ್ದಾಗ 23 ಕಿಲೊ. ಬ್ರಿಟನ್ನಿನವರು ಗಂಡಸಿಗೆ 25 ಕಿಲೊ ಅನ್ನುತ್ತಾರೆ. ನೆಲದಿಂದ ಎತ್ತಬೇಕಾದರೆ ಇನ್ನೂ ಕಡಿಮೆ. ನಮ್ಮಲ್ಲಿ ಹಮಾಲ ಅಣ್ಣಂದಿರು ದಿನವಿಡೀ ಎತ್ತುವುದು ಅದರ ಎರಡರಷ್ಟು.

ಸೊಂಟದ ಮಾತು ಮುಗಿಯಿತು. ಈಗ ಕೈಬೆರಳು. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಯಾಕೆಂದರೆ ನಾನು ಕಂಡಂತೆ ಬೆರಳು ಹೋಗುವುದು ಎತ್ತುವಾಗ ಅಲ್ಲ. ಇಳಿಸುವಾಗ ಹೋಗುತ್ತದೆ.

ಅಕ್ಕಲಕೋಟೆ ತಾಲೂಕಿನ ಒಬ್ಬ ಹುಡುಗ ನನ್ನ ಹತ್ತಿರ ಕಲಿತು ಒಂದು ಚಿಕ್ಕ ಶೆಡ್ಡಿಗೆ ಸೇರಿದ್ದ. ಪಂಪಿನ ಎರಕದ ಬಾಡಿಯನ್ನು ನೆಲದಿಂದ ಎತ್ತಿ ಕಬ್ಬಿಣದ ಮೇಜಿನ ಮೇಲೆ ಇಡಬೇಕಿತ್ತು. ಅವನ ಜೊತೆ ವಯಸ್ಸಾದ ಒಬ್ಬರು. ಅವರನ್ನು ಅವನು ಕಾಕಾ ಅನ್ನುತ್ತಿದ್ದ. ಇಬ್ಬರೂ ಎತ್ತಿದರು. ಏನೂ ತೊಂದರೆ ಆಗಲಿಲ್ಲ. ಮೇಜಿನ ಹತ್ತಿರ ತಂದರು. ಎರಕದ ಕೆಳಮೈ ನುಣ್ಣಗೆ, ಚಪ್ಪಟೆ. ಮೇಜಿನ ಮೈಯೂ ಹಾಗೇ. ಎರಡರ ನಡುವೆ ಬೆರಳು ತೆಗೆಯುವುದಕ್ಕೆ ಸಂದೇ ಇಲ್ಲ. ಒಂದು ಅಂಚು ಊರಿ, ಕೈ ತೆಗೆದು, ಇನ್ನೊಂದು ಅಂಚು ಊರಬೇಕು. ಆದರೆ ಯಾವ ಅಂಚು ಮೊದಲು ಎಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಎರಕಕ್ಕೆ ಎಣ್ಣೆ ಹತ್ತಿತ್ತು. "ಕಾಕಾ, ಜಾರ್ಲಿಕತ್ತದ" ಅಂದ ಹುಡುಗ. ಪಕ್ಕದಲ್ಲಿ ಗ್ರೈಂಡರ್ ಓಡುತ್ತಿತ್ತು. ಕಾಕಾನಿಗೆ ಕೇಳಿಸಿದ್ದು "ಕಾಕಾ" ಅನ್ನುವಷ್ಟೇ. ಇಡು ಅಂದ ಅಂದುಕೊಂಡು ಅವರು ತಮ್ಮ ಕಡೆ ಬಿಟ್ಟರು. ಹುಡುಗನ ಎಡಗೈಯ ಎರಡು ಬೆರಳ ತುದಿ ಒಳಗೆ ಉಳಿದವು. ಅದನ್ನು ಮತ್ತೆ ಎತ್ತಿ ಕೈ ಬಿಡಿಸುವುದಕ್ಕೂ ಇನ್ನಿಬ್ಬರು ಓಡಿ ಬರಬೇಕಾಯಿತು.

ಆಮೇಲೆ ಆ ಎರಕವನ್ನು ತೂಗಿದರು. 90 ಕಿಲೊ ಮೇಲಿತ್ತು.

ಈ ಪೆಟ್ಟನ್ನು ತಪ್ಪಿಸಲು ಏನು ಬೇಕಿತ್ತು, ಕೇಳಿ. ಮೇಜಿನ ಮೇಲೆ ಎರಡು ಮರದ ಪಟ್ಟಿ. ಒಂದೂವರೆ ಎರಡು ಅಂಗುಲ ದಪ್ಪದ್ದು. ಭಾರ ಪಟ್ಟಿಯ ಮೇಲೆ ಕೂತರೆ ಕೆಳಗೆ ಸಂದು ಉಳಿಯುತ್ತದೆ, ಬೆರಳು ಹೊರಗೆ ಬರುತ್ತದೆ. ಆಮೇಲೆ ಹಾರೆಯಿಂದ ಮೀಟಿ ಪಟ್ಟಿ ತೆಗೆಯಬಹುದು. ಮೇಲೊಂದು ಚೈನ್ ಬ್ಲಾಕ್ ಇದ್ದಿದ್ದರಂತೂ ಆ ಭಾರಕ್ಕೆ ಕೈ ಹಾಕುವ ಪ್ರಸಂಗವೇ ಇರಲಿಲ್ಲ. ಒಬ್ಬ ಮನುಷ್ಯ ಸರಪಳಿ ಎಳೆಯುತ್ತ ನಿಂತಲ್ಲೇ ಒಂದು ಟನ್ ಏರಿಸುವ ಸಾಧನ ಅದು. ಕರೆಂಟು ಬೇಕಿಲ್ಲ. ಆದರೆ 90 ಕಿಲೊ ಎಂದು ಮೊದಲೇ ಬರೆದಿದ್ದರೆ ಮಾತ್ರ ಯಾರಾದರೂ ಚೈನ್ ಬ್ಲಾಕ್ ತನ್ನಿ ಅನ್ನುತ್ತಿದ್ದರು. ಬರೆದಿರಲಿಲ್ಲ. ಚಿಕ್ಕದಾಗಿ ಕಂಡಿತು, ಎತ್ತಿದರು.

ಸೊಂಟ ಮತ್ತು ಬೆರಳು ಆಯಿತು. ಇನ್ನು ಮೂರು ಅಪಾಯ ಬೇಗ ಹೇಳಿಬಿಡುತ್ತೇನೆ. ಒಂದು, ಪಾದ. ಚಪ್ಪಲಿ ಹಾಕಿಕೊಂಡು ಕಬ್ಬಿಣ ಎತ್ತಬೇಡಿ. ಮುಂಭಾಗದಲ್ಲಿ ಉಕ್ಕಿನ ಟೊಪ್ಪಿ ಇರುವ ಬೂಟು ಬೇಕು. ಎರಡು, ಬಿಸಿ. ಕಬ್ಬಿಣ ಕೆಂಪಗೆ ಕಾಣಬೇಕಾದರೆ 500 ಡಿಗ್ರಿಯ ಆಸುಪಾಸಿಗೆ ಹೋಗಬೇಕು. 300 ಡಿಗ್ರಿಯ ಎರಕ ತಣ್ಣಗಿನ ಎರಕದಂತೆಯೇ ಕಪ್ಪಗಿರುತ್ತದೆ. ಅಂಗೈ ತಾಗಿಸಿ ನೋಡಬೇಡಿ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಮೂರು, ಕರೆಂಟು. ಇದು ಜೀವವನ್ನೇ ತೆಗೆಯುತ್ತದೆ. 40 ಅಡಿ ಸಳಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನ ಮಹಡಿಗೆ ಕೊಡುವಾಗ ಪಕ್ಕದ 11 ಸಾವಿರ ವೋಲ್ಟಿನ ತಂತಿ ತಾಗುತ್ತದೆ. ತಾಗಲೂ ಬೇಕಿಲ್ಲ, ಹತ್ತಿರ ಹೋದರೂ ಜಿಗಿಯುತ್ತದೆ. ತಂತಿ ಇರುವ ಕಡೆ ಸಳಿಯನ್ನು ನಿಲ್ಲಿಸಲೇಬಾರದು. ಕತ್ತರಿಸಿ, ಮಲಗಿಸಿ, ತಂತಿ ಇಲ್ಲದ ಬದಿಯಿಂದ ಹಗ್ಗದಲ್ಲಿ ಏರಿಸಬೇಕು.

ಈಗ ಕಾನೂನು ಏನು ಹೇಳುತ್ತದೆ ನೋಡೋಣ.

1948ರ ಕಾರ್ಖಾನೆ ಕಾಯಿದೆಯ 34ನೇ ಕಲಮು ಇದಕ್ಕೆಂದೇ ಇತ್ತು. ಪೆಟ್ಟಾಗುವ ಸಂಭವವಿರುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು, ಹೊರಿಸಬಾರದು ಎಂದು ಅದರಲ್ಲಿ ಇತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಒಬ್ಬ ವಯಸ್ಕ ಗಂಡಸಿಗೆ ಗರಿಷ್ಠ 55 ಕಿಲೊ ಎಂದು ಶಿಫಾರಸು ಮಾಡಿತು. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಹಮಾಲರ ಕಾಯಿದೆ ತಂದಿತು. ತಲೆಯ ಮೇಲೆ, ಬೆನ್ನಿನ ಮೇಲೆ ಭಾರ ಹೊರುವವರಿಗೆ ಮಂಡಳಿ, ಕೂಲಿಯ ಲೆಕ್ಕ, ಭವಿಷ್ಯನಿಧಿ ಕೊಟ್ಟ ಕಾಯಿದೆ ಅದು. ಅದರ ಪಟ್ಟಿಯಲ್ಲಿ ಕಬ್ಬಿಣ, ಉಕ್ಕಿನ ಪೇಟೆಯ ಹಮಾಲಿ ಕೆಲಸವೂ ಇದೆ. ಆ ಕಾಯಿದೆಯ ಹಿಂದೆ ಕಾರ್ಮಿಕ ನಾಯಕ ಅಣ್ಣಾಸಾಹೇಬ ಪಾಟೀಲರಂಥವರು ಕಟ್ಟಿದ ಹೋರಾಟ ಇತ್ತು. ಪುಣೆಯಲ್ಲಿ ಬಾಬಾ ಆಢಾವ್ ಅವರು ಹಮಾಲರ ಸಂಘಟನೆಯಾದ ಹಮಾಲ ಪಂಚಾಯತ್ ಕಟ್ಟಿದರು. 100 ಕಿಲೊ ಚೀಲ ಬೆನ್ನಿನ ಮೇಲೆ ಹೊರುತ್ತಿದ್ದ ಕಾಲ ಒಂದಿತ್ತು. ಅದು ಈಗ 50 ಕಿಲೊಗೆ ಇಳಿದಿದೆ. ಚೀಲದ ಭಾರ ಇಳಿಸಲು ಆಯಿತು. ಕಬ್ಬಿಣದ ಭಾರದ ಮಾತಿಗೆ ಮಾತ್ರ ಇನ್ನೂ ಯಾರೂ ಪಟ್ಟು ಹಿಡಿದು ಕೂತಿಲ್ಲ.

ತೂಕ ಬರೆಯಬೇಕು ಅನ್ನುವುದು ನಾನು ಹೊಸದಾಗಿ ಕಂಡುಹಿಡಿದ ಮಾತಲ್ಲ. 1929ರಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಒಂದು ಒಪ್ಪಂದ ಆಯಿತು. ಹಡಗಿನಲ್ಲಿ ಹೋಗುವ ಒಂದು ಟನ್ ಇಲ್ಲವೇ ಅದಕ್ಕಿಂತ ಹೆಚ್ಚು ಭಾರದ ಪ್ರತಿಯೊಂದು ಗಂಟಿನ ಮೇಲೂ ಅದರ ತೂಕವನ್ನು ಹೊರಗೆ, ಅಳಿಸಿಹೋಗದ ಹಾಗೆ ಬರೆಯಬೇಕು ಎಂದು. ಭಾರತ ಅದನ್ನು ಒಪ್ಪಿಕೊಂಡಿತು. 1951ರಲ್ಲಿ ಸಂಸತ್ತು ಅದಕ್ಕೆಂದೇ ಒಂದು ಕಾಯಿದೆಯನ್ನೂ ಮಾಡಿತು. ಬಂದರಿನ ಕ್ರೇನು ತಡೆಯದೆ ಮುರಿದು ಜನರ ಮೇಲೆ ಬೀಳಬಾರದು ಅನ್ನುವುದು ಉದ್ದೇಶ. ಒಂದು ಟನ್ನಿನ ಪೆಟ್ಟಿಗೆಗೆ ತೂಕ ಬರೆಯುತ್ತೇವೆ, ಯಾಕೆಂದರೆ ಅದನ್ನು ಎತ್ತುವುದು ಕ್ರೇನು. 90 ಕಿಲೊ ಎರಕಕ್ಕೆ ಬರೆಯುವುದಿಲ್ಲ, ಅದನ್ನು ಎತ್ತುವುದು ಮನುಷ್ಯ. ಇದು ನನ್ನ ಮನಸ್ಸಿಗೆ ಬಹಳ ನೋವು ಕೊಡುವ ಸಂಗತಿ.

ಬೆರಳಿಗೆ ಮಾತ್ರ ಕಾನೂನಿನಲ್ಲಿ ಲೆಕ್ಕ ಇದೆ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ 100ಕ್ಕೆ 30 ನಷ್ಟ ಎಂದಿತ್ತು. ತೋರುಬೆರಳು ಪೂರ್ತಿ ಹೋದರೆ 14. ನಾಲ್ಕೂ ಬೆರಳು ಹೋದರೆ 50. ಈ ಕಾಯಿದೆಯನ್ನೂ 1948ರ ಕಾರ್ಖಾನೆ ಕಾಯಿದೆಯನ್ನೂ 2020ರ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಸಲಾಗಿದೆ. 10 ಅಥವಾ ಹೆಚ್ಚು ಜನ ಇರುವ ಕಡೆ ಕಾರ್ಮಿಕರ ವಿಮೆ ಇಎಸ್‌ಐ ಅನ್ವಯಿಸುತ್ತದೆ. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂತರೆ ಕೂಲಿಯ 100ಕ್ಕೆ 90ರಷ್ಟು ಸಿಗುತ್ತದೆ. ಆದರೆ ಇವೆಲ್ಲ ಪೆಟ್ಟಾದ ಮೇಲಿನ ಮಾತು.

ಈಗ ಪೆಟ್ಟಾಗದ ಹಾಗೆ ಭಾರ ಹೊರುವ ಒಂದು ಕ್ರಮವನ್ನು ನಮ್ಮ ಊರಿನಲ್ಲೇ ತೋರಿಸುತ್ತೇನೆ. ಸಂಕ್ರಾಂತಿಯಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಗೆ ನೀವು ಬಂದಿರುತ್ತೀರಿ. ಏಳು ನಂದಿಧ್ವಜಗಳು ಹೊರಡುತ್ತವೆ. ಹೆಚ್ಚುಕಡಿಮೆ 30 ಅಡಿ ಎತ್ತರ. ಅವು 68 ಲಿಂಗಗಳ ಪ್ರದಕ್ಷಿಣೆ ಹಾಕಬೇಕು. ಹೊರುವವರು ಜಾತ್ರೆಗೆ ಎಷ್ಟೋ ಮೊದಲೇ ಸರಾವು, ಅಂದರೆ ಅಭ್ಯಾಸ, ಶುರು ಮಾಡುತ್ತಾರೆ. ಧ್ವಜವನ್ನು ಮೈಗೆ ತಾಗಿಸಿ ನೆಟ್ಟಗೆ ಹಿಡಿಯುತ್ತಾರೆ, ಚಾಚಿದ ಕೈಯಲ್ಲಿ ಹಿಡಿಯುವುದಿಲ್ಲ. ಒಬ್ಬ ದಣಿಯುವ ಮೊದಲೇ ಇನ್ನೊಬ್ಬ ಬಂದು ನಿಂತಿರುತ್ತಾನೆ. ಸುತ್ತ ಇರುವವರ ಕಣ್ಣು ಅದರ ಮೇಲೆಯೇ ಇರುತ್ತದೆ. ಎಷ್ಟು ಭಾರ ಎನ್ನುವುದು ಹೊರುವ ಎಲ್ಲರಿಗೂ ಗೊತ್ತು. ದೇವರ ಕೆಲಸದಲ್ಲಿ ಇಷ್ಟು ಎಚ್ಚರ ವಹಿಸುವ ಊರಿಗೆ ಶೆಡ್ಡಿನಲ್ಲೂ ಅದೇ ಎಚ್ಚರ ವಹಿಸುವುದು ಕಷ್ಟವಲ್ಲ.

ಮಾಲೀಕರೇ, ನಿಮ್ಮಲ್ಲಿ ನನ್ನ ಕೇಳಿಕೆ ಇದು. ಶೆಡ್ಡಿನ ಪ್ರತಿಯೊಂದು ಎರಕ, ಡೈ, ಬೀಮು, ಮೋಲ್ಡಿಂಗ್ ಬಾಕ್ಸಿನ ಮೇಲೆ ತೂಕ ಬರೆಸಿ. ಸುಣ್ಣದ ಕಡ್ಡಿಯಿಂದ ಬರೆದರೂ ಆದೀತು, ಬಣ್ಣದಲ್ಲಿ ಬರೆದರೆ ಒಳ್ಳೆಯದು. ಓದು ಬಾರದವರಿಗೂ ತಿಳಿಯಲಿ ಎಂದು 25 ಕಿಲೊ ಒಳಗಿನದಕ್ಕೆ ಹಸಿರು, 50ರವರೆಗೆ ಹಳದಿ, ಅದರ ಮೇಲಿನದಕ್ಕೆ ಕೆಂಪು ಪಟ್ಟಿ ಬಳಿಸಿ. ಹಳದಿಗೆ ಇಬ್ಬರು. ಕೆಂಪಿಗೆ ಕೈ ಹಾಕುವಂತಿಲ್ಲ, ಚೈನ್ ಬ್ಲಾಕ್ ಇಲ್ಲವೇ ಟ್ರಾಲಿ. ಹೊರಗಿನಿಂದ ಬರುವ ಸಾಮಾನಿನ ಚಲನ್‌ನಲ್ಲಿ ಒಟ್ಟು ತೂಕ ಇರುತ್ತದೆ, ಒಂದೊಂದರ ತೂಕವನ್ನೂ ಬರೆದು ಕಳಿಸಿ ಎಂದು ಕೇಳಿ.

ಕೆಲಸ ಮಾಡುವ ತಮ್ಮಂದಿರೇ, ನಿಮಗೆ ಹೇಳುವುದು ಬೇರೆ. ಇಬ್ಬರು ಸೇರಿ ಎತ್ತುವಾಗ ಒಬ್ಬನೇ ಕೂಗು ಹಾಕಲಿ. ಎಲ್ಲಿ ಇಳಿಸಬೇಕು, ಯಾವ ಅಂಚು ಮೊದಲು, ಇದನ್ನು ಎತ್ತುವ ಮೊದಲೇ ಮಾತಾಡಿಕೊಳ್ಳಿ. ಇಳಿಸುವ ಜಾಗದಲ್ಲಿ ಮರದ ಪಟ್ಟಿ ಇದೆಯೇ ನೋಡಿ. ಜಾರಿದ ಭಾರವನ್ನು ಹಿಡಿಯಲು ಹೋಗಬೇಡಿ, ಬೀಳಲು ಬಿಟ್ಟು ಹಿಂದೆ ಸರಿಯಿರಿ. ಎರಕ ಒಡೆದರೆ ಮತ್ತೆ ಕರಗಿಸಬಹುದು.

ಇಷ್ಟಾಗಿಯೂ ಪೆಟ್ಟಾಯಿತು ಅನ್ನಿ. ಆಗ ಮಾಡಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ. ರಕ್ತ ಬರುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ. ಉಂಗುರ ಇದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ಸುಣ್ಣ, ಅರಿಸಿನ, ಚಹಾಪುಡಿ ಏನನ್ನೂ ಹಚ್ಚಬೇಡಿ. ಬೆರಳು ತುಂಡಾಗಿದ್ದರೆ ಆ ತುಂಡನ್ನು ಎಸೆಯಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಇನ್ನೊಂದು ಐಸಿನ ಚೀಲದಲ್ಲಿ ಇಡಿ. ತುಂಡಿಗೆ ಐಸು ನೇರವಾಗಿ ತಾಗಬಾರದು. ತಡಮಾಡದೆ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೋ, ಇಎಸ್‌ಐ ಕಾರ್ಡ್ ಇದ್ದರೆ ಅದರ ಆಸ್ಪತ್ರೆಗೋ ಹೋಗಿ. ಧನುರ್ವಾಯುವಿನ ಸೂಜಿ ಕೇಳಿ ಹಾಕಿಸಿಕೊಳ್ಳಿ.

ಸೊಂಟ ಹಿಡಿದರೆ ನಾಟಿ ವೈದ್ಯರಿಂದ ತಿಕ್ಕಿಸಿ ಎಳೆಸಬೇಡಿ. ನೋವಿನ ಜೊತೆ ಕಾಲಿನ ಶಕ್ತಿ ಹೋಗುತ್ತಿದ್ದರೆ, ತೊಡೆಯ ಸಂದಿನಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಪೆಟ್ಟು ಚಿಕ್ಕದಿರಲಿ ದೊಡ್ಡದಿರಲಿ, ಅವತ್ತೇ ಕೆಲಸದ ಜಾಗದ ಅಪಘಾತದ ಪುಸ್ತಕದಲ್ಲಿ ಬರೆಸಿ. ದಿನ, ಹೊತ್ತು, ಏನು ಎತ್ತುತ್ತಿದ್ದಿರಿ, ಜೊತೆಯಲ್ಲಿ ಯಾರಿದ್ದರು, ಎಲ್ಲ ಇರಲಿ. ಡಾಕ್ಟರಿಗೆ ಮನೆಯಲ್ಲಿ ಬಿದ್ದೆ ಎಂದು ಯಾರ ಮಾತು ಕೇಳಿಯೂ ಹೇಳಬೇಡಿ. ಕೇಸ್ ಪೇಪರಿನಲ್ಲಿ ಕೆಲಸದಲ್ಲಿ ಆದ ಪೆಟ್ಟು ಎಂದು ಬರೆದಿದ್ದರೆ ಪರಿಹಾರಕ್ಕೆ ಅದು ಆಧಾರ. ಎತ್ತುತ್ತಿದ್ದ ವಸ್ತುವಿನ ತೂಕವನ್ನೂ ಆ ಪುಸ್ತಕದಲ್ಲಿ ಬರೆಸಿ. ಗೊತ್ತಿಲ್ಲ ಅಂದರೆ ತೂಗಿಸಿ ಬರೆಸಿ. ಮರುದಿನ ಅದನ್ನು ಎತ್ತುವವನಿಗೆ ಬೇಕಾಗುತ್ತದೆ.